ಮೈದಾನ, ಟೇಪು, ಒಂದು ರಾಡು: ಕಡಿಮೆ ಖರ್ಚಿನ ಫ್ಲೈ ಕಾಸ್ಟಿಂಗ್ ಸ್ಪರ್ಧೆ

ಫ್ಲೈ ಕಾಸ್ಟಿಂಗ್ ಅಂದರೆ ಗಾಳದ ಕೋಲು (ರಾಡ್) ಬೀಸಿ ಅದರ ದಾರವನ್ನು (ಲೈನ್) ಎಸೆಯುವ ಕಲೆ. ಅದರ ಸ್ಪರ್ಧೆಯಲ್ಲಿ ಮೀನು ಇರುವುದಿಲ್ಲ. ಕೊಕ್ಕೆಯೂ ಇರುವುದಿಲ್ಲ. ಎಷ್ಟೋ ಕಡೆ ನೀರೂ ಇರುವುದಿಲ್ಲ. ಹುಲ್ಲಿನ ಮೈದಾನದಲ್ಲಿ ಒಬ್ಬರು ನಿಂತು ಉದ್ದನೆಯ ರಾಡ್ ಬೀಸುತ್ತಾರೆ. ಬಣ್ಣದ ಲೈನ್ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಹಾರುತ್ತದೆ. ಕೊನೆಗೆ ಅದರ ತುದಿಗೆ ಕಟ್ಟಿದ ಉಲ್ಲನ್ ನೂಲಿನ ಚೂರು ಎಲ್ಲೋ ದೂರದಲ್ಲಿ ಬೀಳುತ್ತದೆ. ಬಿದ್ದ ಜಾಗವನ್ನು ಅಳೆಯುತ್ತಾರೆ.

ಇಂಥ ಆಟಕ್ಕೆ ಜಾಸ್ತಿ ಖರ್ಚು ಬರಲು ಕಾರಣವೇ ಇಲ್ಲ. ಆದರೆ ಫ್ಲೈ ಫಿಶಿಂಗ್ ಅಂದ ಕೂಡಲೇ ದುಡ್ಡಿದ್ದವರ ಹವ್ಯಾಸ ಅನ್ನುವ ಭಾವನೆ ಬರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. ಒಳ್ಳೆಯ ರಾಡ್ ದುಬಾರಿ, ರೀಲ್ ದುಬಾರಿ, ಒಳ್ಳೆಯ ನದಿಯ ದಡದಲ್ಲಿ ನಿಲ್ಲುವ ಪರವಾನಗಿ ಎಷ್ಟೋ ದೇಶಗಳಲ್ಲಿ ಎಲ್ಲಕ್ಕಿಂತ ದುಬಾರಿ. ಕಾಸ್ಟಿಂಗ್ ಸ್ಪರ್ಧೆಗೆ ಇವುಗಳಲ್ಲಿ ಮುಕ್ಕಾಲು ಪಾಲು ಬೇಕಾಗಿಯೇ ಇಲ್ಲ. ಇಲ್ಲಿ ಖರ್ಚು ಎಷ್ಟಾಗಬೇಕು ಎಂದು ನಿರ್ಧರಿಸುವುದು ನಿಯಮಗಳು. ನಿಯಮ ಸರಿಯಾಗಿ ಬರೆದರೆ ಶಾಲೆಯ ಹುಡುಗಿ, ನಿವೃತ್ತ ಮೇಷ್ಟ್ರು, ಇಪ್ಪತ್ತು ರಾಡ್ ಇಟ್ಟುಕೊಂಡ ಶ್ರೀಮಂತ, ಮೂವರೂ ಒಂದೇ ಗೆರೆಯ ಮೇಲೆ ನಿಂತು ಸಮನಾಗಿ ಸ್ಪರ್ಧಿಸಬಹುದು. ಹೇಗೆ ಅನ್ನುವುದನ್ನು ವಿವರವಾಗಿ ನೋಡೋಣ.

ಇಲ್ಲಿ ಎಸೆಯುವುದು ಏನನ್ನು?

ಮಾಮೂಲಿ ಗಾಳದಲ್ಲಿ ತುದಿಗೆ ಸೀಸದ ಗುಂಡೋ ಚಮಚದಂಥ ಭಾರದ ಲೋಹದ ತುಂಡೋ ಇರುತ್ತದೆ. ಅದನ್ನು ಎಸೆದರೆ ಅದರ ಹಿಂದೆ ತೆಳ್ಳಗಿನ ದಾರ ಹೋಗುತ್ತದೆ. ಫ್ಲೈ ಕಾಸ್ಟಿಂಗ್‌ನಲ್ಲಿ ಇದು ತಿರುಗುಮುರುಗು. ಫ್ಲೈ ಅಂದರೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಳುವಿನಂಥ ಗೊಂಬೆ. ಅದಕ್ಕೆ ತೂಕವೇ ಇಲ್ಲ. ಕೈಯಲ್ಲಿ ಹತ್ತಿಯ ಎಳೆ ಹಿಡಿದು ಎಷ್ಟೇ ಜೋರಾಗಿ ಬೀಸಿದರೂ ಅದು ಕಾಲ ಬುಡದಲ್ಲೇ ಬೀಳುತ್ತದೆ ಅಲ್ವಾ? ಫ್ಲೈ ಕೂಡ ಹಾಗೇ. ಅದಕ್ಕೇ ತೂಕವನ್ನು ಲೈನಿಗೇ ಕೊಟ್ಟಿದ್ದಾರೆ. ಲೈನ್ ದಪ್ಪಗಿರುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಎಸೆಯುವವರು ಎಸೆಯುವುದು ಲೈನನ್ನು. ಫ್ಲೈ ಸುಮ್ನೆ ಅದರ ಬೆನ್ನು ಹತ್ತಿ ಹೋಗುತ್ತದೆ.

ರಾಡನ್ನು ಹಿಂದಕ್ಕೆ ಬೀಸಿ ಥಟ್ಟನೆ ನಿಲ್ಲಿಸಿದಾಗ ಲೈನ್ ಮಡಚಿಕೊಂಡು ಹಿಂದಕ್ಕೆ ಹೋಗುತ್ತದೆ. ಆ ಮಡಿಕೆಗೆ ಲೂಪ್ ಎನ್ನುತ್ತಾರೆ. ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಮುಂದಕ್ಕೆ ಬೀಸಿ ಮತ್ತೆ ನಿಲ್ಲಿಸಬೇಕು. ಲೂಪ್ ಕಿರಿದಾಗಿದ್ದರೆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಅಗಲವಾಗಿದ್ದರೆ ಗಾಳಿಯಲ್ಲೇ ಸೋತುಬಿಡುತ್ತದೆ. ಅಮೆರಿಕದ ಜೇ ಗ್ಯಾಮೆಲ್ ಮತ್ತು ಅವರ ಮಗ ಬಿಲ್ ಗ್ಯಾಮೆಲ್ ಈ ಕೆಲಸವನ್ನು ಐದು ಅಂಶಗಳಾಗಿ ಬಿಡಿಸಿಟ್ಟರು. ಲೈನಿನಲ್ಲಿ ಸಡಿಲ ಇರಬಾರದು. ಲೈನ್ ಬಿಚ್ಚಿಕೊಳ್ಳಲು ಬೇಕಾದಷ್ಟು ಹೊತ್ತು ನಿಲ್ಲಬೇಕು. ಲೈನ್ ಉದ್ದವಾದಷ್ಟೂ ಬೀಸುವ ಹರವೂ ದೊಡ್ಡದಾಗಬೇಕು. ಬಲವನ್ನು ಒಮ್ಮೆಲೇ ಹಾಕದೆ ಏರಿಸುತ್ತಾ ಹೋಗಿ ನಿಲ್ಲಿಸಬೇಕು. ರಾಡಿನ ತುದಿ ನೇರ ದಾರಿಯಲ್ಲಿ ಸಾಗಬೇಕು. ಇವತ್ತಿಗೂ ಬಹಳಷ್ಟು ಶಿಕ್ಷಕರು ಪಾಠ ಶುರು ಮಾಡುವುದು ಇಲ್ಲಿಂದಲೇ.

ಇಲ್ಲಿ ತೋಳ್ಬಲಕ್ಕಿಂತ ಹದ ಮುಖ್ಯ. ಇದನ್ನು ಜೋನ್ ವುಲ್ಫ್ ಅವರಷ್ಟು ಚೆನ್ನಾಗಿ ತೋರಿಸಿಕೊಟ್ಟವರು ಕಡಿಮೆ. 1926ರಲ್ಲಿ ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಹುಟ್ಟಿದವರು. ಅಪ್ಪನಿಗೆ ಮೀನುಗಾರಿಕೆಯ ಸಾಮಾನಿನ ಅಂಗಡಿ ಇತ್ತು. ಊರಿನ ಕಾಸ್ಟಿಂಗ್ ಕ್ಲಬ್ಬಿನಲ್ಲಿ ಚಿಕ್ಕ ಹುಡುಗಿಯಾಗಿದ್ದಾಗಲೇ ಎಸೆಯಲು ಕಲಿತರು. ಜೊತೆಗೆ ನೃತ್ಯವನ್ನೂ ಕಲಿತು ಕಲಿಸಿದರು. 1951ರಲ್ಲಿ ಗಂಡಸರೇ ತುಂಬಿದ್ದ, ದೂರಕ್ಕೆ ಎಸೆಯುವ ಸ್ಪರ್ಧೆಯೊಂದರಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು. 1960ರಲ್ಲಿ 161 ಅಡಿ ದೂರ ಎಸೆದರು, ಅಂದರೆ ಸುಮಾರು 49 ಮೀಟರ್. ಅದಕ್ಕೆ ಬಳಸುತ್ತಿದ್ದದ್ದು ದೂರಕ್ಕೆಂದೇ ಮಾಡಿದ ಭಾರದ ಸಲಕರಣೆ ನಿಜ, ಆದರೆ ಬರೀ ತೋಳ್ಬಲದಿಂದ ಆ ದೂರ ಮುಟ್ಟಲು ಆಗುವುದಿಲ್ಲ. ನಿಮ್ಮ ಸ್ಪರ್ಧೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಅರವತ್ತು ದಾಟಿದವರಿಗೂ ಜಾಗ ಇರಲೇಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಎಲ್ಲರಿಗೂ ಒಂದೇ ಲೈನ್

ನ್ಯಾಯವಾದ ಸ್ಪರ್ಧೆ ನಡೆಯಬೇಕಾದರೆ ಎಲ್ಲರ ಕೈಯಲ್ಲೂ ಸಮಾನ ಸಲಕರಣೆ ಇರಬೇಕು. ಹಿಂದೆ ಇದು ದೊಡ್ಡ ತಲೆನೋವಾಗಿತ್ತು. ಲೈನುಗಳನ್ನು ಅವುಗಳ ದಪ್ಪದ ಮೇಲೆ ಅಕ್ಷರಗಳಲ್ಲಿ ಗುರುತಿಸುತ್ತಿದ್ದರು. ರೇಷ್ಮೆಯ ಲೈನ್ ಹೋಗಿ ನೈಲಾನ್ ಮತ್ತು ಪ್ಲಾಸ್ಟಿಕ್ ಲೇಪದ ಲೈನ್ ಬಂದಾಗ ದಪ್ಪ ಒಂದೇ ಇದ್ದರೂ ತೂಕ ಬೇರೆಯಾಯಿತು, ಅಳತೆಯೆಲ್ಲ ಕೆಟ್ಟುಹೋಯಿತು. ಇದನ್ನು ಸರಿಪಡಿಸಲು ಓಡಾಡಿದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಮೈರನ್ ಗ್ರೆಗರಿ ಪ್ರಮುಖರು. ಅವರು ಸ್ಪರ್ಧಾ ಕಾಸ್ಟಿಂಗ್‌ನಿಂದ ಬಂದವರು. 1960ರ ಆಸುಪಾಸಿನಲ್ಲಿ ಹೊಸ ಅಳತೆ ಜಾರಿಗೆ ಬಂತು. ಲೈನಿನ ಮೊದಲ 30 ಅಡಿಯ ತೂಕ ಎಷ್ಟು ಅನ್ನುವುದೇ ಅದರ ಸಂಖ್ಯೆಯನ್ನು ನಿರ್ಧರಿಸುತ್ತದೆ. 5-ವೇಟ್ ಅಂದರೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. ಪ್ರಪಂಚದ ಯಾವ ಮೂಲೆಯಲ್ಲಿ ಕೊಂಡರೂ 5-ವೇಟ್ ಲೈನ್ ಇದರ ಹತ್ತಿರವೇ ಇರಬೇಕು.

ಹವ್ಯಾಸಿ ಸ್ಪರ್ಧೆಗೆ 5-ವೇಟ್ ಲೈನ್ ಮತ್ತು 9 ಅಡಿ ರಾಡ್ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಟ್ರೌಟ್ ಮೀನು ಹಿಡಿಯುವವರ ಮಾಮೂಲಿ ಸಲಕರಣೆ ಅದೇ. ಹಳೆಯದು, ಬಳಸಿದ್ದು, ಕಡಿಮೆ ಬೆಲೆಯದು ಸುಲಭವಾಗಿ ಸಿಗುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಬೇರೆ ವರ್ಗಗಳೂ ಇವೆ. ಒಂದೇ ಕೈಯ ರಾಡಿಗೆ 27 ಗ್ರಾಂ ಲೈನ್ ಹಾಕುವ ವರ್ಗಕ್ಕೆ ಎಸ್‌ಟಿ27 ಎನ್ನುತ್ತಾರೆ. ಎರಡು ಕೈಯಲ್ಲಿ ಹಿಡಿಯುವ ಸಾಲ್ಮನ್ ರಾಡಿಗೆ 55 ಗ್ರಾಂ ಹಾಕುವುದು ಎಸ್55. ನೋಡಲು ಭರ್ಜರಿಯಾಗಿರುತ್ತವೆ. ಆದರೆ ಆ ಸಲಕರಣೆ ಕೊಳ್ಳಬೇಕು, ಕೈ ಪಳಗಬೇಕು. ಹೊಸಬರ ಕೂಟಕ್ಕೆ ಅವು ಬೇಡ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸಂಘಟಕರೇ ಒಂದೇ ಬಗೆಯ ಎರಡು ರಾಡ್, ಎರಡು ಲೈನ್ ತಂದಿಟ್ಟುಬಿಡಿ. ಎಲ್ಲರೂ ಅದರಲ್ಲೇ ಎಸೆಯಬೇಕು ಎಂದು ನಿಯಮ ಮಾಡಿ. ಸ್ವಂತ ರಾಡ್ ತಂದವರು ಬ್ಯಾಗಿನಲ್ಲೇ ಇಟ್ಟುಕೊಳ್ಳಲಿ. ಈ ಒಂದು ನಿಯಮ ಸಲಕರಣೆಯ ಪೈಪೋಟಿಯನ್ನು ಬುಡಸಮೇತ ಕಿತ್ತುಹಾಕುತ್ತದೆ. ರಾಡ್ ಇಲ್ಲದವರೂ ಬರಬಹುದು. ಗೆದ್ದವರ ಬಗ್ಗೆ 'ಅವರ ರಾಡ್ ಒಳ್ಳೆಯದಿತ್ತು ಬಿಡಿ' ಎಂದು ಯಾರೂ ಹೇಳುವಂತಿಲ್ಲ. ಎಡಗೈಯವರ ಚಿಂತೆಯೂ ಬೇಡ. ಲೈನನ್ನು ಮೊದಲೇ ರೀಲಿನಿಂದ ಎಳೆದು ನೆಲದ ಮೇಲೆ ಹಾಸಿದ ಟಾರ್ಪಾಲಿನ ಮೇಲೆ ಬಿಟ್ಟಿರುತ್ತಾರೆ, ಎಸೆಯುವಾಗ ರೀಲಿಗೆ ಕೆಲಸವೇ ಇಲ್ಲ.

ಲೈನ್ ಆರಿಸುವಾಗ ಒಂದು ಮಾತು ನೆನಪಿರಲಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಫ್ಲೈ ಲೈನಿನ ಉದ್ದ 90 ಅಡಿಯಷ್ಟು, ಅಂದರೆ ಸುಮಾರು 27 ಮೀಟರ್. ಹೊಸಬರು ಸಾಮಾನ್ಯವಾಗಿ 10-15 ಮೀಟರ್ ಎಸೆಯುತ್ತಾರೆ, ಅವರಿಗೆ ಇದು ಧಾರಾಳ ಸಾಕು. ಪಳಗಿದವರು 30 ಮೀಟರ್ ದಾಟುತ್ತಾರೆ. ಅವರು ಬರುವ ಹಾಗಿದ್ದರೆ 120 ಅಡಿಯಷ್ಟು ಉದ್ದದ, ದೂರಕ್ಕೆಂದೇ ಮಾಡಿದ ಲೈನ್ ಒಂದು ಬೇಕು. ಇಲ್ಲದಿದ್ದರೆ ಲೈನ್ ಮುಗಿದು ರೀಲಿಗೆ ಜಗ್ಗಿ ನಿಲ್ಲುತ್ತದೆ, ಒಳ್ಳೆಯ ಎಸೆತ ಹಾಳಾಗುತ್ತದೆ.

ಊರಿನ ಕೊಳದಿಂದ ವಿಶ್ವ ಪಟ್ಟಕ್ಕೆ

ಕಡಿಮೆ ಖರ್ಚಿನ ಆಟ ಅಂದರೆ ಕೆಳಮಟ್ಟದ ಆಟ ಎಂದು ಯಾರಾದರೂ ಅಂದುಕೊಂಡರೆ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿಗೆ ಹೋಗಿ ನೋಡಬೇಕು. ಅಲ್ಲಿ ಕಾಸ್ಟಿಂಗ್‌ಗೆಂದೇ ಕಟ್ಟಿದ ಕಾಂಕ್ರೀಟಿನ ಮೂರು ಕೊಳಗಳಿವೆ. ಅವು 1938ರಲ್ಲಿ ಸಿದ್ಧವಾದವು. ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಅಮೆರಿಕ ಸರ್ಕಾರ ನಡೆಸಿದ ಯೋಜನೆಯ ಹಣದಿಂದ ಕಟ್ಟಿದ್ದು. ಕೊಳಗಳಲ್ಲಿ ಮೀನಿಲ್ಲ. ಯಾರು ಬೇಕಾದರೂ ಹೋಗಿ ಎಸೆಯಬಹುದು, ದುಡ್ಡು ಕೊಡಬೇಕಿಲ್ಲ. 1933ರಲ್ಲಿ ಶುರುವಾದ ಗೋಲ್ಡನ್ ಗೇಟ್ ಆಂಗ್ಲಿಂಗ್ ಅಂಡ್ ಕಾಸ್ಟಿಂಗ್ ಕ್ಲಬ್ ಅಲ್ಲಿ ನೆಲೆಸಿದೆ. ತಿಂಗಳಿಗೊಂದು ಶನಿವಾರ ಹೊಸಬರಿಗೆ ಬಿಟ್ಟಿ ಪಾಠ ಹೇಳಿಕೊಡುವ, ರಾಡ್ ಇಲ್ಲದವರಿಗೆ ಎರವಲು ಕೊಡುವ ಪದ್ಧತಿ ಕ್ಲಬ್ಬಿನಲ್ಲಿ ನಡೆದುಬಂದಿದೆ. ಅಲ್ಲಿ ಸುತ್ತಮುತ್ತ ಸಾವಿರಾರು ಕನ್ನಡ ಮನೆಗಳಿವೆ. ವಾರಾಂತ್ಯಕ್ಕೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯೋಣ ಎಂದು ಯೋಚಿಸುವವರು ಒಮ್ಮೆ ಇಲ್ಲಿಗೆ ಹೋಗಿ ಬರಬೇಕು.

ಬಾಲ್ಯದಲ್ಲಿ ಇದೇ ಕೊಳಗಳಲ್ಲಿ ಪಳಗಿದವರು ಸ್ಟೀವ್ ರಾಜೆಫ್. ದಶಕಗಳ ಕಾಲ ಅಮೆರಿಕದ ರಾಷ್ಟ್ರೀಯ ಪಟ್ಟ ಅವರ ಕೈ ಬಿಟ್ಟು ಹೋಗಿದ್ದೇ ಅಪರೂಪ. ವಿಶ್ವ ಪಟ್ಟವನ್ನೂ ಎಷ್ಟೋ ಸಲ ಗೆದ್ದರು. ಆಮೇಲೆ ಇದೇ ಕೊಳಗಳ ದಡದಿಂದ ಮ್ಯಾಕ್ಸೀನ್ ಮೆಕಾರ್ಮಿಕ್ ಬಂದರು. 2016ರಲ್ಲಿ ಎಸ್ಟೋನಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರ ಗುರಿ ಸ್ಪರ್ಧೆಯ ಚಿನ್ನ ಗೆದ್ದಾಗ ಅವರಿಗೆ 12 ವರ್ಷ. ಸಾರ್ವಜನಿಕ ಜಾಗವೊಂದನ್ನು ಎಂಟು ದಶಕ ಬಿಟ್ಟಿಯಾಗಿ ತೆರೆದಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೊಳ ಇಲ್ಲದವರಿಗೆ ಬ್ರಿಟನ್ನಿನ ದಾರಿ ಇದೆ. ಅಲ್ಲಿಯ ಬ್ರಿಟಿಷ್ ಫ್ಲೈ ಕಾಸ್ಟಿಂಗ್ ಕ್ಲಬ್ ಹುಲ್ಲಿನ ಮೈದಾನಗಳಲ್ಲಿ ಟೇಪು ಹಾಸಿ ದೂರದ ಸ್ಪರ್ಧೆ ನಡೆಸುತ್ತದೆ. ಅಳೆಯುವವರೂ ಎಸೆಯುವವರೂ ಸದಸ್ಯರೇ. ಆ ಕೂಟಗಳಲ್ಲಿ ದಾಖಲೆ ಮಾಡುವವರ ಪಕ್ಕದಲ್ಲೇ ಮೊದಲ ಸಲ ರಾಡ್ ಹಿಡಿದವರೂ ನಿಂತಿರುತ್ತಾರೆ. ನಾವು ಅನುಕರಿಸಬೇಕಾದ ಮಾದರಿ ಇದು.

ದೂರದ ಸ್ಪರ್ಧೆ ನಡೆಸುವ ಬಗೆ

ಹೊಸ ಸಂಘಟಕರು ಸಾಮಾನ್ಯವಾಗಿ ಮರೆಯುವುದು ಹಿಂದಿನ ಜಾಗವನ್ನು. ಮುಂದೆ 40 ಮೀಟರ್ ಹೋಗಬೇಕಾದ ಲೈನ್ ಅದಕ್ಕೆ ಮೊದಲು ಹಿಂದಕ್ಕೂ ಹಾರುತ್ತದೆ. ಹಾಗಾಗಿ ಗೆರೆಯ ಮುಂದೆ 50 ಮೀಟರ್, ಹಿಂದೆ 40 ಮೀಟರ್ ಖಾಲಿ ಇರಬೇಕು. ಒಂದು ಫುಟ್‌ಬಾಲ್ ಮೈದಾನದ ಉದ್ದ ಸರಿಯಾಗಿ ಸಾಕು. ಹಿಂದೆ ಮರ, ಬೇಲಿ, ಬೆಂಚು, ಕುತೂಹಲದಿಂದ ಬಂದು ನಿಂತ ಜನ, ಯಾವುದೂ ಇರಕೂಡದು.

ಗೆರೆಯನ್ನು ಗಾಳಿ ನೋಡಿಕೊಂಡು ಎಳೆಯಿರಿ. ಗಾಳಿ ಬೆನ್ನ ಹಿಂದಿನಿಂದ ಬರುವಂತಿದ್ದರೆ ಎಲ್ಲರಿಗೂ ಅನುಕೂಲ. ಎದುರುಗಾಳಿ ಹೊಸಬರ ಉತ್ಸಾಹವನ್ನು ಹತ್ತೇ ನಿಮಿಷದಲ್ಲಿ ಮುಗಿಸಿಬಿಡುತ್ತದೆ. ಬಲಗೈಯವರಿಗೆ ಬಲದಿಂದ ಬೀಸುವ ಗಾಳಿ ಇನ್ನೂ ಕೆಟ್ಟದ್ದು, ಲೈನ್ ಮುಖದ ಕಡೆಗೇ ಬರುತ್ತದೆ. ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿದರೆ ಅಂಕಣವನ್ನೇ ತಿರುಗಿಸಬೇಕಾಗಬಹುದು. ಹಾಗಾಗಿ ಸುಣ್ಣದ ಗೆರೆ ಬೇಡ, ಕೋನ್‌ಗಳೇ ಸಾಕು.

ಗೆರೆಯಿಂದ ನೇರವಾಗಿ 50 ಮೀಟರಿನ ಟೇಪು ಹಾಸಿ. ಎರಡೂ ಬದಿಗೆ ಕೋನ್ ಇಟ್ಟು ಮುಂದೆ ಹೋದಂತೆ ಅಗಲವಾಗುವ ಅಂಕಣ ಮಾಡಿ. ಫ್ಲೈ ಅದರೊಳಗೆ ಬಿದ್ದರೆ ಮಾತ್ರ ಲೆಕ್ಕ. ಎಸೆಯುವವರ ಕಾಲು ಗೆರೆ ದಾಟಿದರೆ ಆ ಎಸೆತ ರದ್ದು. ಫ್ಲೈ ಬದಲು ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಲ್ಲನ್ ನೂಲು ಕಟ್ಟಿ. ಹಸಿರು ಹುಲ್ಲಿನಲ್ಲಿ ಬೇರೆ ಬಣ್ಣ ಕಾಣುವುದಿಲ್ಲ. ಲೈನಿನ ತುದಿಗೆ ಕಟ್ಟುವ ತೆಳ್ಳಗಿನ ದಾರಕ್ಕೆ ಲೀಡರ್ ಎನ್ನುತ್ತಾರೆ. ಅದರ ಉದ್ದವೂ ಎಲ್ಲರಿಗೂ ಒಂದೇ ಇರಲಿ, 9 ಅಡಿ ಸಾಕು. ಇಲ್ಲದಿದ್ದರೆ ಉದ್ದ ಲೀಡರ್ ಕಟ್ಟಿ ಒಂದು ಮೀಟರ್ ಬಿಟ್ಟಿ ಗಳಿಸುವ ಜಾಣರು ಹುಟ್ಟಿಕೊಳ್ಳುತ್ತಾರೆ.

ಅಳತೆ ನೂಲಿನ ಚೂರು ಇರುವ ಜಾಗಕ್ಕೆ. ಲೈನಿನ ತುದಿಗಲ್ಲ. ಇದರಿಂದ ಒಂದು ಒಳ್ಳೆಯ ಕೆಲಸ ತಾನಾಗಿ ಆಗುತ್ತದೆ. ಲೈನ್ ದೂರ ಹೋದರೂ ಕೊನೆಗೆ ಲೀಡರ್ ಬಿಚ್ಚಿಕೊಳ್ಳದೆ ಗುಡ್ಡೆಯಾಗಿ ಬಿದ್ದರೆ ನೂಲು ಹಿಂದೆಯೇ ಉಳಿಯುತ್ತದೆ. ಒರಟು ಎಸೆತಕ್ಕೆ ಪ್ರತ್ಯೇಕ ದಂಡ ಹಾಕಬೇಕಿಲ್ಲ. ಎಸೆತದ ನಡುವೆ ನೂಲು ಕಳಚಿಹೋದರೆ ಆ ಎಸೆತವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಾಮಾನ್ಯವಾಗಿ ಅದು ಕಳಚುವುದು ಹಿಂದಿನ ಲೂಪ್ ಬಿಚ್ಚಿಕೊಳ್ಳುವ ಮೊದಲೇ ಮುಂದಕ್ಕೆ ಎಳೆದಾಗ. ಆಗ ಛಟೀರ್ ಎಂದು ಸದ್ದೂ ಬರುತ್ತದೆ.

ಒಬ್ಬರಿಗೆ ಎಷ್ಟು ಎಸೆತ ಎಂದು ಎಣಿಸುವುದಕ್ಕಿಂತ ಸಮಯ ಕೊಡುವುದು ಒಳ್ಳೆಯದು. ನಾಲ್ಕು ನಿಮಿಷ ಕೊಡಿ. ಅದರಲ್ಲಿ ಎಷ್ಟು ಬೇಕಾದರೂ ಎಸೆಯಲಿ, ಎಲ್ಲಕ್ಕಿಂತ ದೂರದ್ದು ಲೆಕ್ಕಕ್ಕೆ. ಪ್ರತಿ ಎಸೆತವನ್ನೂ ಅಳೆಯಲು ಹೋದರೆ ದಿನ ಸಾಲುವುದಿಲ್ಲ. ಅಂಕಣದಲ್ಲಿ ನಿಂತವರು ಮೊದಲ ಒಳ್ಳೆಯ ಎಸೆತದ ಜಾಗದಲ್ಲಿ ಒಂದು ಗೂಟ ನೆಡಲಿ. ಅದಕ್ಕಿಂತ ಮುಂದೆ ಬಿದ್ದರೆ ಗೂಟ ಮುಂದೆ ಹೋಗುತ್ತದೆ. ಸಮಯ ಮುಗಿದ ಮೇಲೆ ಗೂಟವನ್ನು ಒಂದೇ ಸಲ ಅಳೆದರಾಯಿತು.

ಈಗ ಲೆಕ್ಕ ನೋಡಿ. ಇಪ್ಪತ್ತು ಜನ ಬಂದರು ಅಂದುಕೊಳ್ಳೋಣ. ಒಬ್ಬರಿಗೆ ನಾಲ್ಕು ನಿಮಿಷ, ಬದಲಾವಣೆಗೆ ಎರಡು ನಿಮಿಷ. ಒಂದು ಸುತ್ತಿಗೆ 120 ನಿಮಿಷ, ಎರಡು ಗಂಟೆ. ಗಾಳಿ ಒಬ್ಬರಿಗೆ ಒಲಿದು ಇನ್ನೊಬ್ಬರಿಗೆ ಮುನಿಯುವುದರಿಂದ ಎರಡು ಸುತ್ತು ಬೇಕೇ ಬೇಕು. ಹಾಗಾದರೆ ನಾಲ್ಕು ಗಂಟೆ. ಪಕ್ಕದಲ್ಲೇ ಗುರಿಯ ಅಂಕಣವನ್ನೂ ನಡೆಸಿದರೆ ಕಾಯುವ ಬೇಸರ ಇರುವುದಿಲ್ಲ. ಬೆಳಿಗ್ಗೆ 8ಕ್ಕೆ ಶುರುವಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎರಡೂ ಮುಗಿಯುತ್ತವೆ. ಸಂಜೆಯವರೆಗೆ ಎಳೆಯುವ ಸ್ಪರ್ಧೆಗೆ ಜನ ಮುಂದಿನ ಸಲ ಬರುವುದಿಲ್ಲ. ಎಸೆದು ಬಂದವರು ಮುಂದಿನವರಿಗೆ ಗೂಟ ನೆಡಲಿ, ಅದಕ್ಕೂ ಮುಂದಿನವರು ಗಡಿಯಾರ ಹಿಡಿಯಲಿ. ಸಂಬಳದ ತೀರ್ಪುಗಾರರು ಬೇಡ.

ಗುರಿಯ ಸ್ಪರ್ಧೆ

ನನ್ನನ್ನು ಕೇಳಿದರೆ ಹೊಸ ಕೂಟಗಳು ಇದನ್ನೇ ಮುಖ್ಯ ಸ್ಪರ್ಧೆ ಮಾಡಿಕೊಳ್ಳಬೇಕು. ಜಾಗ ಕಡಿಮೆ ಸಾಕು. ತೋಳಿನ ಉದ್ದಕ್ಕೂ ವಯಸ್ಸಿಗೂ ಇಲ್ಲಿ ಬೆಲೆಯಿಲ್ಲ. ನೋಡುವವರಿಗೂ ಪ್ರತಿ ಎಸೆತದ ಫಲ ಕಣ್ಣೆದುರೇ ಗೊತ್ತಾಗುತ್ತದೆ.

ಅಮೆರಿಕದ ಕ್ಲಬ್ಬುಗಳಲ್ಲಿ 30 ಇಂಚು ಅಗಲದ ತೇಲುವ ಬಳೆಗಳನ್ನು ನೀರಿನ ಮೇಲೆ ಬಿಡುತ್ತಾರೆ. ಐದು ಬಳೆ, ಬೇರೆ ಬೇರೆ ದೂರದಲ್ಲಿ. ಹುಲ್ಲಿನ ಮೇಲೆ ನಮಗೆ ಮಕ್ಕಳ ಹೂಲಾ ಹೂಪ್ ಸಾಕು, ಅದರ ಅಳತೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 6 ಮೀಟರಿನಿಂದ 15 ಮೀಟರಿನೊಳಗೆ ಐದನ್ನು ಇಡಿ. ದೂರವನ್ನು ಸ್ಪರ್ಧಿಗಳಿಗೆ ಹೇಳಬೇಡಿ, ಕಣ್ಣಂದಾಜಿನಲ್ಲೇ ಎಸೆಯಲಿ.

ಅಂಕದ ಲೆಕ್ಕ ಸುಲಭ. ಎಲ್ಲರೂ 100ರಿಂದ ಶುರು ಮಾಡುತ್ತಾರೆ. ಐದು ಬಳೆಗೆ ಎರಡು ಸುತ್ತು, ಒಟ್ಟು ಹತ್ತು ಎಸೆತ. ಬಳೆಯೊಳಗೆ ಬಿದ್ದರೆ ಏನೂ ಕಳೆಯುವುದಿಲ್ಲ. ಹೊರಗೆ ಬಿದ್ದರೆ ಬಳೆಯ ಅಂಚಿನಿಂದ ಪ್ರತಿ ಅಡಿಗೆ ಒಂದು ಅಂಕ ಕಳೆಯುತ್ತಾರೆ, ಅಡಿಯ ಚೂರಾದರೂ ಪೂರ್ತಿ ಒಂದು. ಒಂದು ಎಸೆತಕ್ಕೆ ಹತ್ತಕ್ಕಿಂತ ಜಾಸ್ತಿ ಕಳೆಯುವುದಿಲ್ಲ. ಒಂದು ಕೋಲಿನ ಮೇಲೆ ಅಡಿಯ ಗುರುತು ಹಾಕಿಕೊಂಡರೆ ಅಳೆಯುವುದು ಕ್ಷಣದ ಕೆಲಸ.

ಗುರಿ ಎಸೆಯುವವರು ಏನು ಮಾಡುತ್ತಾರೆ ಅನ್ನುವುದನ್ನು ಗಮನಿಸಿ ನೋಡಿ. ಲೈನನ್ನು ನೆಲಕ್ಕೆ ತಾಗಿಸದೆ ಗಾಳಿಯಲ್ಲೇ ಹಿಂದೆ ಮುಂದೆ ಆಡಿಸುತ್ತಾರೆ. ಪ್ರತಿ ಸಲ ಸ್ವಲ್ಪ ಲೈನ್ ಬಿಡುತ್ತಾ ಹೋಗುತ್ತಾರೆ. ನೂಲಿನ ಚೂರು ಬಳೆಯ ನೇರ ಮೇಲೆ ಬಂದು ಒಂದು ಕ್ಷಣ ನಿಂತ ಹಾಗೆ ಕಾಣುತ್ತದೆ. ಉದ್ದ ಸರಿಯಿದೆ ಎಂದು ಕಣ್ಣಿಗೆ ಅನ್ನಿಸಿದಾಗ ಅದನ್ನು ಇಳಿಸುತ್ತಾರೆ. ಅಳೆಯುವ ಕೆಲಸ ಗಾಳಿಯಲ್ಲೇ ಮುಗಿದಿರುತ್ತದೆ. ಈ ಆಡಿಸುವಾಟದ ನಡುವೆ ನೂಲು ನೆಲಕ್ಕೆ ತಾಗಿದರೆ ಎಷ್ಟು ಅಂಕ ಕಳೆಯಬೇಕು ಎಂದು ಮೊದಲೇ ಬರೆದಿಡಿ. ಜಗಳ ಬರುವುದು ಇಂಥ ಕಡೆಯೇ.

ಒಂದು ಎಚ್ಚರಿಕೆ. ರೋಲ್ ಕಾಸ್ಟ್, ಸ್ಪೇ ಕಾಸ್ಟ್ ಎಂಬ ಎಸೆತಗಳಿವೆ. ಅವುಗಳಲ್ಲಿ ಲೈನ್ ಪೂರ್ತಿ ಹಿಂದೆ ಹೋಗುವುದಿಲ್ಲ, ತುದಿಯನ್ನು ನೀರು ಹಿಡಿದುಕೊಳ್ಳುತ್ತದೆ, ಆ ಹಿಡಿತದ ಮೇಲೆ ರಾಡ್ ಬಾಗುತ್ತದೆ. ಹುಲ್ಲು ಹಾಗೆ ಹಿಡಿಯುವುದಿಲ್ಲ. ಆದ್ದರಿಂದ ಈ ವರ್ಗಗಳನ್ನು ಮೈದಾನದಲ್ಲಿ ನಡೆಸಲು ಹೋಗಬೇಡಿ. ನೀರು ಇದ್ದರೆ ಮಾತ್ರ.

ದುಡ್ಡಿನ ಮಾತು

ಖರ್ಚಿನ ಪಟ್ಟಿ ಚಿಕ್ಕದು. ಮೈದಾನದ ಬಾಡಿಗೆ, ಟೇಪು, ಕೋನ್, ಹೂಲಾ ಹೂಪ್, ನೂಲು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ವಿದೇಶದಲ್ಲಿ ನಡೆಸುವವರಿಗೆ ವಿಮೆಯೂ ಬೇಕಾಗುತ್ತದೆ, ನೋಂದಾಯಿತ ಕ್ಲಬ್ಬಿನ ಜೊತೆ ಸೇರಿದರೆ ಅದರ ವಿಮೆಯಲ್ಲೇ ನಡೆಸಲು ಸಾಧ್ಯವಾ ಎಂದು ಮೊದಲು ಕೇಳಿ. ಟೇಪು, ಕೋನ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತವೆ. ಆ ದಿನದ ನಿಜವಾದ ಖರ್ಚನ್ನು ಬಂದವರ ಸಂಖ್ಯೆಯಿಂದ ಭಾಗಿಸಿ, ಅದೇ ಪ್ರವೇಶ ಶುಲ್ಕ. ಮಕ್ಕಳಿಗೆ ಬೇಡ. ಲೆಕ್ಕವನ್ನು ಅದೇ ದಿನ ಎಲ್ಲರಿಗೂ ಓದಿ ಹೇಳಿಬಿಡಿ.

ನಗದು ಬಹುಮಾನ ಇಡಲೇಬೇಡಿ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ದುಡ್ಡು ಇಟ್ಟ ದಿನವೇ ಪ್ರವೇಶ ಶುಲ್ಕ ಏರುತ್ತದೆ, ಪಳಗಿದವರು ದೂರದಿಂದ ಬರುತ್ತಾರೆ, ಸೆಂಟಿಮೀಟರಿಗೆ ಜಗಳ ಶುರುವಾಗುತ್ತದೆ, ಹೊಸಬರು ಅಂಚಿಗೆ ಸರಿದು ನೋಡುಗರಾಗುತ್ತಾರೆ. ಅಂಗಡಿಯವರು ಯಾರಾದರೂ ಲೈನೋ ಫ್ಲೈ ಡಬ್ಬಿಯೋ ಕೊಟ್ಟರೆ ಚೀಟಿ ಎತ್ತಿ ಹಂಚಿ. ಕೊನೆಯ ಸ್ಥಾನದವರಿಗೂ ಅದು ಸಿಗಬಹುದು. ಗೆದ್ದವರಿಗೆ ಒಂದು ಪ್ರಮಾಣಪತ್ರ, ಅದರ ಮೇಲೆ ಅವರ ದೂರ ಮತ್ತು ಅಂಕ. ಮೊದಲ ಸುತ್ತಿಗಿಂತ ಎರಡನೇ ಸುತ್ತಿನಲ್ಲಿ ಜಾಸ್ತಿ ಸುಧಾರಿಸಿದವರಿಗೆ ಇನ್ನೊಂದು ಪ್ರಮಾಣಪತ್ರ ಕೊಡುವುದು ಒಳ್ಳೆಯ ಪದ್ಧತಿ.

ವರ್ಗಗಳನ್ನು ಜಾಸ್ತಿ ಮಾಡಬೇಡಿ. ಇಪ್ಪತ್ತು ಜನರನ್ನು ಆರು ವರ್ಗ ಮಾಡಿದರೆ ಎಲ್ಲರೂ ಗೆಲ್ಲುತ್ತಾರೆ, ಯಾರೂ ಸ್ಪರ್ಧಿಸಿದಂತಾಗುವುದಿಲ್ಲ. ಹೊಸಬರು, ಪಳಗಿದವರು, ಹದಿನಾರರೊಳಗಿನ ಮಕ್ಕಳು. ಮೂರು ಸಾಕು.

ಸುರಕ್ಷತೆಯಲ್ಲಿ ಉಳಿತಾಯ ಬೇಡ

ಕೊಕ್ಕೆ ಇಲ್ಲದಿದ್ದರೂ ವೇಗವಾಗಿ ಬರುವ ಲೀಡರ್ ಕಣ್ಣಿಗೆ ಬಡಿದರೆ ಗಾಯವಾಗುತ್ತದೆ. ಕನ್ನಡಕ ಮತ್ತು ಟೋಪಿ ಇಲ್ಲದವರನ್ನು ಗೆರೆಯ ಹತ್ತಿರ ಬಿಡಬೇಡಿ, ಗೂಟ ನೆಡುವವರಿಗೂ ಅದೇ ನಿಯಮ. ಎರಡು ಅಂಕಣಗಳ ನಡುವೆ ಕನಿಷ್ಠ 10 ಮೀಟರ್ ಬಿಡಿ.

ಇದಕ್ಕಿಂತ ದೊಡ್ಡ ಅಪಾಯ ವಿದ್ಯುತ್ತಿನದು. ಈಗಿನ ರಾಡುಗಳು ಕಾರ್ಬನ್‌ನಿಂದ ಮಾಡಿದವು. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಮೈದಾನದ ಮೇಲೆ ಅಥವಾ ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಆ ಜಾಗವೇ ಬೇಡ. ಗುಡುಗಿನ ಸದ್ದು ಕೇಳಿದ ಕೂಡಲೇ ರಾಡ್ ಕೆಳಗಿಟ್ಟು ಎಲ್ಲರೂ ಕಟ್ಟಡದೊಳಗೆ ಹೋಗಬೇಕು. ಸುತ್ತು ಮುಗಿಸೋಣ ಎಂದು ಯಾರೂ ಹೇಳಬಾರದು.

ಭಾಗವಹಿಸುವವರಿಗೆ

ಸ್ಪರ್ಧೆಗೆ ಮೊದಲು ದಿನಾ ಹದಿನೈದು ನಿಮಿಷ ಅಭ್ಯಾಸ ಮಾಡಿದರೆ ಸಾಕು. ವಾರಕ್ಕೊಮ್ಮೆ ಮೂರು ಗಂಟೆ ಬೀಸಿದರೆ ಮೊಣಕೈ ನೋಯುತ್ತದೆ. ಶುರುವಿಗೆ 8-10 ಮೀಟರ್ ಲೈನ್ ಮಾತ್ರ ಹೊರಗೆ ಬಿಡಿ. ರಾಡನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಪಕ್ಕದಲ್ಲಿ ಎಡಕ್ಕೆ ಬಲಕ್ಕೆ ಬೀಸಿ, ಪ್ರತಿ ಸಲ ಲೈನನ್ನು ಹುಲ್ಲಿನ ಮೇಲೆ ಬೀಳಲು ಬಿಡಿ. ಲೂಪ್ ಹೇಗಾಗುತ್ತಿದೆ ಎಂದು ನಿಮ್ಮ ಕಣ್ಣಿಗೇ ಕಾಣುತ್ತದೆ. ತಲೆಯ ಮೇಲೆ ಬೀಸುವಾಗ ಹಿಂದಿನ ಲೂಪ್ ಕಾಣುವುದಿಲ್ಲ. ಬಹುಪಾಲು ತಪ್ಪುಗಳು ಆಗುವುದು ಅಲ್ಲಿ.

ಇದು ಕೈವಶವಾದ ಮೇಲೆ ಡಬಲ್ ಹಾಲ್ ಕಲಿಯಿರಿ. ರಾಡ್ ಬೀಸುವಾಗಲೇ ಇನ್ನೊಂದು ಕೈಯಿಂದ ಲೈನನ್ನು ಚುರುಕಾಗಿ ಎಳೆದು ಮತ್ತೆ ಬಿಡುವ ಕ್ರಮ ಇದು. ಹಿಂದಕ್ಕೆ ಬೀಸುವಾಗ ಒಮ್ಮೆ, ಮುಂದಕ್ಕೆ ಬೀಸುವಾಗ ಒಮ್ಮೆ. ಲೈನಿನ ವೇಗ ಇದರಿಂದ ಏರುತ್ತದೆ. 1930ರ ದಶಕದಲ್ಲಿ ಒರೆಗಾನ್‌ನ ಮಾರ್ವಿನ್ ಹೆಡ್ಜ್ ಇದನ್ನು ಸ್ಪರ್ಧೆಯಲ್ಲಿ ತೋರಿಸಿದ ಮೇಲೆ ದೂರದ ದಾಖಲೆಗಳೆಲ್ಲ ಬದಲಾದವು. ಮೊದಲು ರಾಡ್ ಇಲ್ಲದೆ ಬರೀ ಕೈಯಲ್ಲಿ ಅಭಿನಯಿಸಿ ಕಲಿತರೆ ಬೇಗ ಬರುತ್ತದೆ.

ಸ್ಪರ್ಧೆಯ ದಿನ ನಾಲ್ಕು ನಿಮಿಷ ಅಂದರೆ ಎಷ್ಟು ಎಸೆತ ಎಂದು ಯೋಚಿಸಿ. ಎಸೆದ ಲೈನನ್ನು ಎಳೆದುಕೊಂಡು, ಟಾರ್ಪಾಲಿನ ಮೇಲೆ ಸರಿಯಾಗಿ ಹಾಸಿ, ಮತ್ತೆ ಎಸೆಯಲು ಅರ್ಧ ನಿಮಿಷ ಹಿಡಿಯುತ್ತದೆ. ಹಾಗಾಗಿ ಏಳೆಂಟು ಎಸೆತ ಸಿಗುತ್ತವೆ, ಜಾಸ್ತಿ ಇಲ್ಲ. ಮೊದಲನೆಯದು ಸಮಾಧಾನದ ಎಸೆತವಾಗಲಿ. ಒಂದು ಗೂಟ ನೆಟ್ಟರೆ ಮನಸ್ಸು ಹಗುರಾಗುತ್ತದೆ. ಬೆನ್ನ ಹಿಂದಿನ ಗಾಳಿ ಇದ್ದರೆ ಹಿಂದಿನ ಎಸೆತವನ್ನು ಸ್ವಲ್ಪ ತಗ್ಗಿನಲ್ಲಿ, ಜೋರಾಗಿ ಕಳಿಸಿ, ಮುಂದಿನದನ್ನು ಎತ್ತರಕ್ಕೆ ಬಿಡಿ. ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ಲೈನ್ ಗೋಜಲಾದರೆ ನಿಂತು ಬಿಡಿಸಿ, ಗೋಜಲಿನ ಮೇಲೆಯೇ ಎಸೆಯಬೇಡಿ.

ಹುಲ್ಲಿನ ಮೇಲೆ ಲೈನ್ ಬೇಗ ಕೊಳೆಯಾಗುತ್ತದೆ, ಕೊಳೆಯಾದ ಲೈನ್ ರಾಡಿನ ಬಳೆಗಳಲ್ಲಿ ಜಾರುವುದಿಲ್ಲ. ಒದ್ದೆ ಬಟ್ಟೆಯಿಂದ ಆಗಾಗ ಒರೆಸಿ. ಕಾಂಕ್ರೀಟ್, ಡಾಂಬರು, ಗರಸು ಮಣ್ಣಿನ ಮೇಲೆ ಎಸೆಯಲೇಬೇಡಿ. ಲೈನಿನ ಲೇಪ ಕಿತ್ತುಹೋಗುತ್ತದೆ, ಉಳಿಸಿದ ದುಡ್ಡೆಲ್ಲ ಹೊಸ ಲೈನಿಗೆ ಹೋಗುತ್ತದೆ.

ಕರ್ನಾಟಕದಲ್ಲಿ?

ಗಾಳದ ಹವ್ಯಾಸ ನಮಗೆ ಹೊಸದಲ್ಲ. 1972ರಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಮಹಶೀರ್ ಮೀನನ್ನು ಹಿಡಿದು ಜೀವಂತ ಬಿಡುವ ಪದ್ಧತಿಯನ್ನು ಬೆಳೆಸಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಶಿಬಿರಗಳಿಗೆ ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಅಲ್ಲಿ ಮೀನಿಗೆ ಹಾಕುತ್ತಿದ್ದದ್ದು ಹೆಚ್ಚಾಗಿ ರಾಗಿ ಹಿಟ್ಟಿನ ಉಂಡೆ, ಫ್ಲೈ ಅಲ್ಲ. ಆಮೇಲೆ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದಕ್ಕೆ ತೊಂದರೆ ಕೊಡದೆ ರಾಡ್ ಹಿಡಿಯುವ ಖುಷಿಯನ್ನು ಉಳಿಸಿಕೊಳ್ಳಲು ಹುಲ್ಲಿನ ಮೇಲಿನ ಕಾಸ್ಟಿಂಗ್ ಒಂದು ಒಳ್ಳೆಯ ದಾರಿ. ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಡ, ಮೀನುಗಾರಿಕೆಯ ಲೈಸೆನ್ಸ್ ಬೇಡ. ಮೈದಾನದ ಯಜಮಾನರು ಒಪ್ಪಿದರೆ ಸಾಕು.

ನಮ್ಮಲ್ಲಿ ಬಹಳಷ್ಟು ಶಾಲಾ ಮೈದಾನಗಳು ಬರಿ ಮಣ್ಣಿನವು. ಆದ್ದರಿಂದ ಮಳೆಗಾಲ ಮುಗಿದು ಹುಲ್ಲು ಇನ್ನೂ ಹಸಿರಾಗಿರುವ ಅಕ್ಟೋಬರ್-ನವೆಂಬರ್ ಒಳ್ಳೆಯ ಸಮಯ. ಬಿಸಿಲೇರುವ ಮೊದಲೇ ಮುಗಿಯುವಂತೆ ಬೆಳಿಗ್ಗೆ ಬೇಗ ಇಟ್ಟುಕೊಳ್ಳಿ. ಮೊದಲ ಸಲಕ್ಕೆ ಎಂಟು ಜನ ಸಾಕು. ಒಂದು ರಾಡ್, ಐದು ಹೂಲಾ ಹೂಪ್, ಗುರಿಯ ಸ್ಪರ್ಧೆ ಮಾತ್ರ. ಬಂದವರಲ್ಲಿ ನಾಲ್ವರಿಗೆ ಮತ್ತೆ ಬರಬೇಕು ಅನ್ನಿಸಿದರೆ ಮುಂದಿನ ಸಲ ಟೇಪು ಕೊಳ್ಳಿ.